ಕೈಗವಸಿಗೆ ಬಾರದ ನೋವು

ಮಲಗಿದ್ದ ಫಕ್ಕೀರಪ್ಪನ ಬಲಗಾಲನ್ನು ಮೊಣಕಾಲು ಮಡಿಯದಂತೆ ಡಾಕ್ಟರ್ ನೀಲಾಂಬಿಕಾ ಮೆಲ್ಲಗೆ ಮೇಲೆತ್ತಿದಳು. ಇಷ್ಟೊತ್ತಿಗೆ ನೋವು ಅವಳ ತೊಡೆಗೇ ಮಿಂಚಿನಂತೆ ಇಳಿಯಬೇಕಿತ್ತು. ಹೋದ ವಾರ ಇಳಿದಿತ್ತು.

ಅವಳು ಕಂಡುಹಿಡಿದ ಕೈಗವಸಿನ ಗುಣವೇ ಅದು. ಕಾಲೆತ್ತಿದರೆ ಸೊಂಟದಿಂದ ಇಳಿಯುವ ನರ ಹಗ್ಗದಂತೆ ಬಿಗಿಯುತ್ತದೆ. ಬೆನ್ನುಮೂಳೆಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತಿದ್ದರೆ ರೋಗಿ ಚೀರುತ್ತಾನೆ. ಆ ನರದ ಏರಿಳಿತವನ್ನು ಗವಸು ಹಿಡಿದು, ವೈದ್ಯರು ಕಟ್ಟಿಕೊಂಡ ಸೊಂಟಪಟ್ಟಿಯ ಮೂಲಕ ಅವರ ನರಕ್ಕೂ ಕೊಡುತ್ತಿತ್ತು. ಅದು ಬಂದ ಮೇಲೆ ವೈದ್ಯರು ಕಾಲನ್ನು ಹೂವಿನಂತೆ ಎತ್ತುವುದನ್ನು ಕಲಿತಿದ್ದರು. ರೋಗಿಯನ್ನು ಮಾತಾಡಿಸುವುದನ್ನು ಮರೆತಿದ್ದರು.

“ನೋಡ್ರಿ, ಏನೂ ಇಲ್ಲ,” ಅಂದ ಫಕ್ಕೀರಪ್ಪ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಮಾಲ ಅವನು. ಚೀಲ ಹೊರುವ ಯಂತ್ರಗಳು ಬಂದಿದ್ದರೂ ಘಾಟಿನ ಧೂಳಿಗೆ ಕೆಟ್ಟು ನಿಲ್ಲುತ್ತಿದ್ದವು. “ಮೊನ್ನೆತನಕ ಸೀನಿದ್ರ ಜೀವ ಹೋಗ್ತಿತ್ತು. ಇವತ್ತ ಸೀನಿದೆ, ಸೊಂಟ ಮಾತೇ ಆಡ್ಲಿಲ್ಲ. ಕೆಲಸಕ್ಕ ಹೋಗಬಹುದಂತ ಸಹಿ ಹಾಕ್ರಿ ಅಕ್ಕಾರ. ನಾಳೆ ಹೋಗ್ಲಿಲ್ಲಂದ್ರ ಹಮಾಲರ ಗುಂಪಿನಾಗ ನನ್ನ ಜಾಗಾ ಬ್ಯಾರೆಯವ್ರಿಗೆ.”

“ಸೊಂಟಾನೂ ಇವ್ರ ಕೂಡ ಮಾತು ಬಿಟ್ಟೈತಿ, ನನ್ನಂಗ,” ಎಂದು ಹೆಂಡತಿ ದ್ಯಾಮವ್ವ ಬಾಗಿಲಲ್ಲೇ ಗೊಣಗಿದಳು.

ನೀಲಾಂಬಿಕಾ ನಕ್ಕು, ಸಹಿ ಹಾಕಲು ಮೇಜಿನತ್ತ ನಡೆದಳು.

“ಅಕ್ಕಾರ, ನಿಮ್ಮ ಚಪ್ಪಲಿ ಇಲ್ಲೇ ಉಳೀತು,” ಅಂದಳು ದ್ಯಾಮವ್ವ.

ಬಲಗಾಲಿನ ಚಪ್ಪಲಿ ಜಾರಿದ್ದು ನೀಲಾಂಬಿಕಾಗೆ ತಿಳಿದೇ ಇರಲಿಲ್ಲ. ರೋಗಿಯ ಕಾಲು ಬಿಟ್ಟ ಮೇಲೂ ಪಟ್ಟಿ ಕೊಟ್ಟ ಅವನ ನರದ ಗುಂಗು ತುಸು ಹೊತ್ತು ಉಳಿಯುತ್ತದೆ. ಬರಿಗಾಲನ್ನು ನೆಲಕ್ಕೊತ್ತಿದಳು, ನೆಲದ ತಂಪಿಲ್ಲ. ಕುರ್ಚಿಯಲ್ಲಿ ಕೂತಳು, ಕೆಳಗೆ ಕುರ್ಚಿ ಇದೆಯೆಂದೇ ಅನ್ನಿಸಲಿಲ್ಲ. ಈ ಜೋಮು ಫಕ್ಕೀರಪ್ಪನದು. ನೋವು ವಾಸಿಯಾಗಿರಲಿಲ್ಲ. ನರ ಸಾಯುತ್ತಿತ್ತು.

ಗವಸು ಕಿತ್ತೆಸೆದು ಹತ್ತಿ ತೆಗೆದುಕೊಂಡಳು. “ಕಣ್ಣು ಮುಚ್ಚು. ಮುಟ್ಟಿದಾಗ ಹೇಳು.”

ತೊಡೆಯ ಒಳಬದಿಗೆ ಹತ್ತಿಯನ್ನು ಒಮ್ಮೆ, ಮತ್ತೊಮ್ಮೆ ಸವರಿದಳು.

“ಯಾವಾಗ ಮುಟ್ಟತೀರಿ?” ಅಂದ ಫಕ್ಕೀರಪ್ಪ.

ದ್ಯಾಮವ್ವ ಬಾಗಿಲು ಬಿಟ್ಟು ಒಳಗೆ ಬಂದಳು.

“ಉಚ್ಚಿಗೆ ಹೋಗಿದ್ದು ಯಾವಾಗ?” ಅಂದಳು ನೀಲಾಂಬಿಕಾ. ಮೂತ್ರದ ನರವೂ ಅದೇ ಗೊಂಚಲಿನದು.

ಅವನು ಗೋಡೆಯ ಕಡೆ ತಿರುಗಿದ. “ನಿನ್ನೆ. ಬರವಲ್ದು.”

“ಮೊದಲೇ ಯಾಕೆ ಹೇಳಲಿಲ್ಲ?”

“ಕೈಗವಸಿಗೆ ಎಲ್ಲಾ ಗೊತ್ತಾಗ್ತದಂತಲ್ರಿ.”

ಕತ್ತಲಾಗುವ ಮೊದಲೇ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಗುಂಪಿನ ಜಾಗ ಹೋಯಿತು. ಕಾಲಿನ ನರ ಮತ್ತೆ ಜೀವ ಹಿಡಿದೀತೋ ಇಲ್ಲವೋ ಯಾರೂ ಹೇಳಲಿಲ್ಲ. ಅಂದಿನಿಂದ ಗವಸಿನ ಪ್ರತಿ ಪೆಟ್ಟಿಗೆಯಲ್ಲೂ ನೀಲಾಂಬಿಕಾ ಒಂದು ಹತ್ತಿಯುಂಡೆ ಇಡಿಸಿದಳು. ನಮ್ಮ ಈಗಿನ ದವಾಖಾನೆಗಳ ಮೇಜಿನ ಮೇಲೂ ಬಿದ್ದಿರುತ್ತದಲ್ಲ, ಅಂಥದ್ದೇ.

ಕೆಲ ದಿನ ಕಳೆದು, ಇನ್ನೂ ಆಸ್ಪತ್ರೆಯಲ್ಲೇ ಇದ್ದಾಗ, ದ್ಯಾಮವ್ವನ ಸೆರಗಿನ ಮೆಣಸಿನ ಘಾಟಿಗೆ ಫಕ್ಕೀರಪ್ಪ ಸೀನಿದ. ತೊಡೆಯೊಳಗೆ ಚುರ್ರೆಂದಿತು, “ಯವ್ವಾ” ಎಂದು ನರಳಿದ.

ದ್ಯಾಮವ್ವ ವಾರ್ಡಿನ ತುಂಬ ಸಕ್ಕರೆ ಹಂಚಿದಳು.