ಅವ್ವ ತೆಗೆದ ಅಳತೆ

ತಾನು ಹೆತ್ತದ್ದು ನನ್ನೊಬ್ಬಳನ್ನೇ ಎಂದು ಅವ್ವ ಯಾವಾಗಲೂ ಹೇಳುತ್ತಿದ್ದಳು. ೧೯೬೧ರಲ್ಲಿ, ಗೋಪನಕೊಪ್ಪದ ಮನೆಯಲ್ಲಿ, ನನ್ನ ಮದುವೆಯ ಜಂಪರುಗಳನ್ನೆಲ್ಲ ನಾನೇ ಹೊಲಿದೆ. ಅವ್ವ ಅಳತೆ ತೆಗೆದು ಕತ್ತರಿಸಿಕೊಟ್ಟ ಹಳೆಯ ಪೇಪರನ್ನು ಬಟ್ಟೆಯ ಮೇಲಿಟ್ಟೇ ಕತ್ತರಿಸಿದ್ದೆ. ಒಂದೂ ನನಗಾಗಲಿಲ್ಲ. ಹೊಸ ಬಟ್ಟೆಯ ಕಂಕುಳಲ್ಲಿ ಆಗಲೇ ಯಾರದೋ ಬೆವರಿನ ಪಸೆಯಿತ್ತು.

"ಇನ್ನೊಮ್ಮೆ ಅಳತಿ ತಗೋ ಅವ್ವಾ," ಎಂದೆ.

ಅವ್ವ ಟೇಪು ತಂದು, "ಕೈ ಎತ್ತವಾ," ಎಂದಳು. ಎತ್ತಿದೆ.

"ನಿನಗಲ್ಲ. ನೀ ಸರಕೊಂಡು ನಿಂದ್ರು."

ಟೇಪು ನನ್ನ ಪಕ್ಕದ ಖಾಲಿ ಜಾಗವನ್ನು ಸುತ್ತಿ, ಉಸಿರಾಡುವ ಎದೆಯ ಮೇಲಿದ್ದಂತೆ ಮೆಲ್ಲಗೆ ಏರಿಳಿಯಿತು.

"ಮದವಿ ನಂದಲ್ಲೇನು?"

"ಆಕಿ ದೊಡ್ಡಾಕಿ. ಮೊದಲ ಆಕಿದು."

ನಾನು ಎರವಲು ಜಂಪರು ತೊಟ್ಟು ಗಂಡನ ಮನೆಗೆ ಹೋದೆ. ಹೊಲಿದವೆಲ್ಲ ಅವ್ವನ ಪೆಟ್ಟಿಗೆಯಲ್ಲೇ ಉಳಿದವು. ಅವ್ವ ಮುಂದೆ ಗಂಟು ಕಟ್ಟುವ ಕುಬಸ ಬಿಟ್ಟು ಜಂಪರು ತೊಟ್ಟವಳಲ್ಲ. ದೀಪಾವಳಿಗೆ ಬಂದು ನೋಡಿದರೆ ಎಲ್ಲವೂ ತೊಟ್ಟು ತೊಟ್ಟು ಸವೆದಿದ್ದವು.