ಬಸ್ಸು ಹೋಗದ ಕಾಲೇಜು

"ಕಾರು ಅದ ಅಲ್ರೀ ಶೈಲಜಾ ಅವರ, ನಡಿಯೂದು ಯಾಕ್ರೀ?"

ಬಸ್ಸಿಳಿದಾಗಿನಿಂದ ದಿವಾಕರನದು ಇದೇ ರಾಗ. ಹೊಸ ಕಾಲೇಜಿನ ಜಾಗ ನೋಡಲು ಬಸ್ಸಿನಲ್ಲೇ ಹೋಗೋಣ ಎಂದು ಹಟ ಹಿಡಿದವಳು ಶೈಲಜಾ. ಕೆಸರು ತಪ್ಪಿಸಿ ಕೊಕ್ಕರೆಯಂತೆ ಕಾಲಿಡುತ್ತಿದ್ದವನನ್ನು ನೋಡಿ ಅವಳಿಗೆ ನಗು ಬಂತು. ನಗು ಬಂತಲ್ಲ ಎಂದು ಇನ್ನಷ್ಟು ರೇಗಿತು.

೧೯೬೯ರ ಮಾರ್ಚ್. ಅಮೆರಿಕದ ನ್ಯೂಜೆರ್ಸಿಯ ಒಂದು ಜಿಲ್ಲೆಯಲ್ಲಿ, ಕಡಿಮೆ ಶುಲ್ಕದ ಹೊಸ ಕಮ್ಯುನಿಟಿ ಕಾಲೇಜಿಗೆ ಇನ್ನೂ ಸ್ವಂತ ಕಟ್ಟಡವಿರಲಿಲ್ಲ. ಪಟ್ಟಣದ ಹೈಸ್ಕೂಲಿನಲ್ಲಿ ಸಂಜೆ ನಡೆಯುವ ಅದರ ತರಗತಿಗಳಲ್ಲಿ ಶೈಲಜಾ ಗಣಿತ ಕಲಿಸುತ್ತಿದ್ದಳು. ಅವಳ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ರೈಲು ಹಳಿಯಾಚೆಯ ಕಪ್ಪು ಜನರ ಕೇರಿಯಿಂದ ಬಸ್ಸಿನಲ್ಲಿ ಬರುವವರು. ಬಿಳಿಯರ ಬಡಾವಣೆಗಳಲ್ಲಿ ಅವರಿಗೆ ಯಾರೂ ಮನೆ ಮಾರುತ್ತಿರಲಿಲ್ಲ. ಈಗ ಕಾಲೇಜೂ ಆ ಬಡಾವಣೆಗಳಾಚೆಯ ಮೆಕ್ಕೆಜೋಳದ ಹೊಲಕ್ಕೆ ಹೊರಟಿತ್ತು. ಆ ಜಾಗ ಆರಿಸಿದ ಎಂಜಿನಿಯರ್ ಧಾರವಾಡದ ಈ ದಿವಾಕರ ಮಹಾಶಯ. ನಾಳೆ ಕಾಲೇಜಿನ ಆಡಳಿತ ಬೋರ್ಡಿನ ಮುಂದೆ ಅದೇ ಸರಿಯಾದ ಜಾಗ ಎಂದು ಹೇಳಬೇಕಾದವನೂ ಅವನೇ.

ಚಳಿಗಾಲವಿಡೀ ಕ್ಲಾಸು ಮುಗಿಯುವ ಹೊತ್ತಿಗೆ ಹೀಟರ್ ಹಾಕಿ, ಕಾರು ಬೆಚ್ಚಗಿಟ್ಟು, ಅವಳನ್ನು ಮನೆಗೆ ಬಿಡಲೆಂದು ಕಾಯುತ್ತಿದ್ದ. ಅವಳಿಗದು ಇಷ್ಟವಾಗುತ್ತಿತ್ತು. ಅದೇ ಅವಳ ಕಷ್ಟ.

"ಮಣ್ಣು ಗಟ್ಟಿ ಅದ, ಪಾರ್ಕಿಂಗಿಗೆ ಬೇಕಾದಷ್ಟು ಜಾಗ ಅದ. ಇನ್ನೇನು ನೋಡಬೇಕಿತ್ರೀ?"

"ಜನ ಹೇಗೆ ಬರ್ತಾರೆ ಅಂತ."

"ಡ್ರೈವ್ ಮಾಡಿ!"

"ಕಾರಿಲ್ಲದವರು?"

ಲಾರಿಯೊಂದು ಮೈಮೇಲೆ ಬಂದಂತೆ ನುಗ್ಗಿತು. ಫುಟ್‌ಪಾತ್ ಇರಲಿಲ್ಲ. ಅವನು ತಟ್ಟನೆ ಅವಳನ್ನು ಹುಲ್ಲಿನತ್ತ ಎಳೆದ. ಕೆಸರೆಲ್ಲ ಅವನ ಮುಖಕ್ಕೆ.

"ನನ್ನ ವಿದ್ಯಾರ್ಥಿನಿ ಲೊರೇನ್, ಹಗಲೆಲ್ಲ ಆಸ್ಪತ್ರೆಯಲ್ಲಿ ನೆಲ ಒರೆಸಿ ಕ್ಲಾಸಿಗೆ ಬರ್ತಾರೆ, ನರ್ಸ್ ಆಗ್ಬೇಕು ಅಂತ. ಅವರು ಈ ರಸ್ತೇಲಿ ನಡೀಬೇಕಾ, ದಿವಾಕರ್?"

ಅವನು ತಿರುಗಿ ನೋಡಿದ. ಇಳಿದ ಬಸ್‌ಸ್ಟಾಪ್ ಎಷ್ಟೋ ಹಿಂದೆ ಉಳಿದಿತ್ತು, ಕಣ್ಣಿಗೇ ಬೀಳಲಿಲ್ಲ.

"ಎಷ್ಟು ಸಲ ಬಂದೀನಿ ಇಲ್ಲಿಗೆ," ಎಂದ ಮೆಲ್ಲಗೆ. "ಕಾರಿನ್ಯಾಗ. ಈ ರಸ್ತಾ ಕಂಡೇ ಇಲ್ಲ ನೋಡ್ರಿ."

"ನಾಳೆ ಬೋರ್ಡಿಗೆ ಹೇಳ್ತೀರಾ?"

"ಹೇಳಿದ್ರ ನೌಕರಿ ಹೋಗಬಹುದು." ರಸ್ತೆಯುದ್ದಕ್ಕೂ ಮತ್ತೊಮ್ಮೆ ಕಣ್ಣು ಹಾಯಿಸಿದ. "ಹೇಳ್ತೀನಿ. ಪಟ್ಟಣದೊಳಗ ಜಾಗ ಹುಡುಕ್ರಿ ಅಂತೀನಿ. ಆದ್ರ... ನೌಕರಿ ಇಲ್ಲದವನ್ನ ಮದುವಿ ಆಗ್ತೀರೇನು?"

"ಚಳಿಗಾಲವಿಡೀ ಕಾರಲ್ಲಿ ನಿಮ್ಮ ಪಕ್ಕದಲ್ಲೇ ಕೂತಿದ್ದೆ. ಆಗ ನೀವು ಬಾಯಿ ಬಿಡ್ಲಿಲ್ಲ. ಹೈವೇ ಬದೀಲಿ ನಿಂತು ಕೇಳ್ತೀರಲ್ಲ!"

ಸೆರಗಿನ ತುದಿಯಿಂದ ಅವನ ಕೆನ್ನೆಯ ಕೆಸರನ್ನು ಒರೆಸಿದಳು, ಪಾತ್ರೆ ತಿಕ್ಕುವ ಹಾಗೆ. ಅವನು "ಅಯ್ಯಯ್ಯ" ಎಂದ, ಆದರೆ ಮುಖ ಸರಿಸಲಿಲ್ಲ.

"ಆಗ್ತೀನಿ," ಎಂದಳು, ಸಿಟ್ಟಿನ್ನೂ ಇಳಿಯದೆ. "ಈಗ ನಡೀರಿ. ವಾಪಸ್ ಬಸ್ಸು ತಪ್ಪತ್ತೆ."