ಮೊದಲು ನಿಮಗೇ

ಆಸ್ಪತ್ರೆಯ ಕಾರಿಡಾರಿನಲ್ಲಿ ಎದುರಾದರೆ ಅವರಿಬ್ಬರಿಗೆ ಮಾತಾಡಲು ಇದ್ದದ್ದು ಎರಡೇ ವಿಷಯ. ಹೊರಗಿನ ಬಿಸಿಲು, ಇಲ್ಲವೇ ಮಷೀನಿನ ಕೆಟ್ಟ ಕಾಫಿ.

ತಮ್ಮನ್ನು ತಾವೇ ಗಾಯ ಮಾಡಿಕೊಳ್ಳುವ ಹದಿಹರೆಯದ ಮಕ್ಕಳಿಗೆ ಯಾವ ಚಿಕಿತ್ಸೆ ನಿಜಕ್ಕೂ ಫಲ ಕೊಡುತ್ತದೆಂದು ತಿಳಿಯುವ ಅಧ್ಯಯನವೊಂದು ಅಲ್ಲಿ ನಡೆಯುತ್ತಿತ್ತು. ಅರ್ಧ ಮಕ್ಕಳಿಗೆ ಹೊಸ ಬಗೆಯ ಕೌನ್ಸೆಲಿಂಗ್, ಉಳಿದವರಿಗೆ ಎಂದಿನದು. ಹೊಸದನ್ನು ಕೊಡುವವನು ಅವನು. ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಹೇಗಿದ್ದೀಯ ಎಂದು ಕೇಳಿ ಬರೆದುಕೊಳ್ಳುವವಳು ಅವಳು. ಮಕ್ಕಳು ಅವಳಿಗಿಟ್ಟ ಹೆಸರು ಪ್ರಶ್ನೆ ಮೇಡಂ. ಯಾವ ಮಗು ಯಾವ ಗುಂಪಿನದೆಂದು ಅವಳಿಗೆ ಗೊತ್ತಾಗಕೂಡದು. ಗೊತ್ತಾದರೆ ಮನಸ್ಸು ಒಂದು ಕಡೆಗೆ ವಾಲಿಬಿಡುತ್ತದೆ. ಅದಕ್ಕೇ ಇಬ್ಬರೂ ಮಕ್ಕಳ ಮಾತೆತ್ತುವಂತಿರಲಿಲ್ಲ.

"ಕಾಫಿ ಹೇಗಿದೆ, ಪ್ರಶ್ನೆ ಮೇಡಂ?"

"ಕೆಟ್ಟದಾಗಿದೆ. ನಿಮ್ಮ ಶರ್ಟಿನ ಗುಂಡಿ ಮೇಲೆ ಕೆಳಗೆ ಆಗಿದೆ."

"ನೀವು ನೋಡ್ಲಿ ಅಂತಾನೇ ಹಾಗೆ ಹಾಕಿದ್ದು."

ಅವಳು ಮುಖ ಗಂಟು ಹಾಕಿಕೊಂಡೇ ತನ್ನ ಕೋಣೆಯೊಳಗೆ ಹೋಗಿ, ಬಾಗಿಲು ಮುಚ್ಚಿದ ಮೇಲೆ ನಗುತ್ತಿದ್ದಳು. ಒಂದೂವರೆ ವರ್ಷ ಹೀಗೇ ಕಳೆಯಿತು.

ಒಂದು ಸೋಮವಾರ ಅವನು ಅವಳ ಕೋಣೆಗೆ ಓಡಿಕೊಂಡೇ ಬಂದ. ಕಣ್ಣು ತುಂಬಿತ್ತು.

"ನನ್ನ ಹತ್ರ ಬರ್ತಾಳಲ್ಲ, ಎರಡು ಜಡೆ ಹುಡುಗಿ. ಅರವತ್ತು ದಿನ ಆಯ್ತಂತೆ, ಒಂದು ಸಲಾನೂ ಕೈಗೆ ನೋವು ಮಾಡ್ಕೊಂಡಿಲ್ಲ."

ಹೇಳಿ ನಾಲಿಗೆ ಕಚ್ಚಿಕೊಂಡ. ಅವಳು ಡ್ರಾಯರಿನಿಂದ ಫಾರ್ಮು ತೆಗೆದಳು. ಗುಂಪು ಗೊತ್ತಾದರೆ ತುಂಬಬೇಕಾದ ಫಾರ್ಮು.

"ಕೇಳಿಸ್ಲಿಲ್ಲ ಅಂದ್ಕೊಳ್ಳಿ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಯ್ತಲ್ಲ."

"ನಿಮ್ಮನ್ನ ಬೇರೆ ಊರಿನ ಸೆಂಟರ್‌ಗೆ ಹಾಕ್ತಾರೆ. ಅಧ್ಯಯನ ಮುಗಿಯೋಕೆ ಇನ್ನೂ ಎರಡು ವರ್ಷ. ಮತ್ತೆ ಏನಾದ್ರೂ ಬಾಯಿ ತಪ್ಪೀತು ಅಂತ ಅಲ್ಲೀತನಕ ನಾವು ಫೋನೂ ಮಾಡೋ ಹಾಗಿಲ್ಲ."

ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

"ನನ್ನ ತಂಗೀನೂ ಹೀಗೇ ಗಾಯ ಮಾಡ್ಕೊಳ್ತಿದ್ಲು. ಆಗ ಅವಳಿಗೆ ಹದಿನೈದು. ಏನು ಮಾಡಿದ್ರೆ ಇವಳು ಸರಿಹೋಗ್ತಾಳೆ ಅಂತ ಅಮ್ಮ ಕಂಡಕಂಡ ಡಾಕ್ಟರನ್ನೆಲ್ಲ ಕೇಳಿದ್ರು. ಒಬ್ಬೊಬ್ಬರು ಒಂದೊಂದು ಹೇಳಿದ್ರು. ಯಾರಿಗೂ ಸರಿಯಾಗಿ ಗೊತ್ತಿರ್ಲಿಲ್ಲ. ಅವಳಿಗೆ ಹದಿನಾರು ಆಗಲೇ ಇಲ್ಲ."

ಅವನು ಕುರ್ಚಿ ಎಳೆದುಕೊಂಡು ಕೂತು, ಅವಳ ಕೈಯಿಂದ ಪೆನ್ನು ತೆಗೆದುಕೊಂಡ. ಯಾರು ಹೇಳಿದ್ದು ಎಂಬಲ್ಲಿ ತನ್ನ ಹೆಸರು ಬರೆದ. ಕಾರಣ ಎಂಬಲ್ಲಿ ಒಂದು ಕ್ಷಣ ತಡೆದು ಬರೆದ: "ಸಂತೋಷವಾದರೆ ಮೊದಲು ಇವರಿಗೇ ಹೇಳಬೇಕೆನಿಸುತ್ತದೆ."

"ಇದನ್ನ ನಮ್ಮ ಹೆಡ್ ಓದ್ತಾರೆ," ಎಂದಳು.

"ಓದ್ಲಿ. ಸುಳ್ಳು ಬರೆಯೋ ಹಾಗಿಲ್ವಲ್ಲ."

ಅವಳು ಕೆಳಗೆ ಸಹಿ ಹಾಕಿದಳು. ಎದ್ದು ಹೆಡ್ ರೂಮಿನ ಕಡೆ ಹೊರಟವಳು ಬಾಗಿಲಲ್ಲಿ ನಿಂತಳು.

"ತಂಗಿ ವಿಷಯ ಇಷ್ಟು ವರ್ಷ ಯಾರ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ. ನಾನೂ ಮೊದಲು ನಿಮಗೇ ಹೇಳಿದ್ದು."